ಬಿಸಿಲ ನಾಡಿನಲ್ಲಿ ಹೀಟ್ ಲ್ಯಾಂಪ್: ಸಾಕಿದ ಹಲ್ಲಿ, ಆಮೆ, ಹಾವಿಗೆ ಯಾವುದು ಹಾಕಬೇಕು, ಯಾವುದು ಬೇಡ

ಕಲಬುರಗಿಯಲ್ಲಿ ಹೀಟ್ ಲ್ಯಾಂಪ್ ಕೇಳಿದರೆ ಅಂಗಡಿಯವರು ಮೊದಲು ನಗುತ್ತಾರೆ. ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಊರು ಇದು, ಇಲ್ಲಿ ಯಾರಿಗಾದರೂ ದೀಪ ಹಚ್ಚಿ ಬಿಸಿ ಕೊಡ್ತಾರಾ ಅಂತ. ಅವರ ನಗು ಪೂರ್ತಿ ತಪ್ಪಲ್ಲ. ವರ್ಷದ ಎರಡು ತಿಂಗಳು ನಮ್ಮ ಕಡೆ ಹೀಟ್ ಲ್ಯಾಂಪ್ ಆರಿಸಿಡುವುದೇ ಸರಿಯಾದ ಕೆಲಸ. ಆದರೆ ಉಳಿದ ಹತ್ತು ತಿಂಗಳು, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ, ಬಿಯರ್ಡೆಡ್ ಡ್ರ್ಯಾಗನ್ ಅಂಥ ಹಲ್ಲಿಗೆ ಬಿಸಿ ಸಿಗದಿದ್ದರೆ ತಿಂದದ್ದು ಅರಗುವುದಿಲ್ಲ. ಇವುಗಳ ಮೈ ತಾನಾಗಿ ಬಿಸಿ ಮಾಡಿಕೊಳ್ಳುವುದಿಲ್ಲ. ಬಿಸಿ ಜಾಗ ಮತ್ತು ತಂಪು ಜಾಗ ಎರಡೂ ಒಂದೇ ಗೂಡಲ್ಲಿ ಇದ್ದರೆ, ಬೇಕಾದಾಗ ಅಲ್ಲಿಗೆ, ಸಾಕಾದಾಗ ಇಲ್ಲಿಗೆ ಓಡಾಡಿಕೊಂಡು ಮೈ ಹದ ಇಟ್ಟುಕೊಳ್ಳುತ್ತವೆ.

ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದದ್ದು. ಅವರ ಚಿಂತೆ ಬಿಸಿ ಸಾಲದು ಎಂಬುದು. ನಮ್ಮ ಚಿಂತೆ ಬೇರೆ: ಕೋಣೆಯೇ 36 ಡಿಗ್ರಿ ಇರುವಾಗ ದೀಪ ಉರಿಯುತ್ತಲೇ ಇದ್ದರೆ ಏನಾಗುತ್ತದೆ, ಕರೆಂಟ್ ಹೋಗಿ ಬಂದು ಮಾಡಿದರೆ ಏನಾಗುತ್ತದೆ, ಹೋಲ್ಡರ್ ಕರಗಿದರೆ ಏನಾಗುತ್ತದೆ. ಅದಕ್ಕೇ ನಾನು ದೀಪಗಳನ್ನು ಹೋಲಿಸುವಾಗ ಯಾವುದು ಜಾಸ್ತಿ ಬಿಸಿ ಕೊಡುತ್ತದೆ ಅಂತ ನೋಡುವುದಿಲ್ಲ. ಕೆಟ್ಟಾಗ ಹೇಗೆ ಕೆಡುತ್ತದೆ ಅಂತ ನೋಡುತ್ತೇನೆ. ದುಡ್ಡನ್ನೂ ಮೊದಲು ಥರ್ಮೋಸ್ಟಾಟ್ (ಬಿಸಿ ನೋಡಿ ದೀಪವನ್ನು ತಾನೇ ಹತ್ತಿಸುವ, ಆರಿಸುವ ಸಾಧನ) ಮತ್ತು ಹೋಲ್ಡರ್ ಮೇಲೆ ಹಾಕಿ, ಬಲ್ಬ್ ಕೊನೆಗೆ.

ಮೊದಲು, ಗೂಡಲ್ಲಿ ಯಾರಿದ್ದಾರೆ?

ಇದು ಹೊರದೇಶದ ತಳಿಗಳ ಮಾತು. ಹೊಲದಲ್ಲಿ ಸಿಕ್ಕಿದ ನಕ್ಷತ್ರ ಆಮೆ, ಕೆರೆ ಆಮೆ, ಉಡ ಇವನ್ನೆಲ್ಲ ಮನೆಯಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. 'ನಕ್ಷತ್ರ ಆಮೆ ಇದ್ದರೆ ಮನೆಗೆ ಲಕ್ಷ್ಮಿ ಬರುತ್ತಾಳೆ' ಅಂತ ಯಾರೋ ಕೊಟ್ಟಿದ್ದರೆ ಅದಕ್ಕೆ ದೀಪ ಹುಡುಕಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಬಾಲ್ ಪೈಥಾನ್ ಹಾವು, ಇಗ್ವಾನಾ ಹಲ್ಲಿ, ಸುಲ್ಕಾಟಾ ಆಮೆಯಂಥ, ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2024ರಲ್ಲಿ ಇದಕ್ಕೆ ನಿಯಮ ಬಂದಿದೆ.

ಈಗ ಬಿಸಿಯ ಲೆಕ್ಕ. ಬಿಯರ್ಡೆಡ್ ಡ್ರ್ಯಾಗನ್‌ಗೆ ಮೈಕಾಯಿಸುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಬೇಕು, ತಂಪು ಬದಿ 24ರಿಂದ 29. ಲೆಪರ್ಡ್ ಗೆಕ್ಕೊ ಹಲ್ಲಿಗೆ ಅಷ್ಟು ಬೇಡ, ಬಿಸಿ ಬದಿಯ ನೆಲ 32–34 ಸಾಕು. ಬಾಲ್ ಪೈಥಾನ್‌ಗೂ ಬಿಸಿ ಬದಿ 31–33, ಆದರೆ ಅದಕ್ಕೆ ರಾತ್ರಿ ತೀರಾ ತಣ್ಣಗಾಗಬಾರದು, 24ರ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಬೇಕು. ಕೆನ್ನೆ ಮೇಲೆ ಕೆಂಪು ಪಟ್ಟಿ ಇರುವ ರೆಡ್ ಇಯರ್ಡ್ ಸ್ಲೈಡರ್ ಆಮೆಗೆ ನೀರಿನಿಂದ ಹತ್ತಿ ಕೂರುವ ಜಾಗ 32–35 ಇರಲಿ. ಈ ಅಂಕಿ ಗೊತ್ತಿಲ್ಲದೆ 'ನೂರು ವ್ಯಾಟ್ ಕೊಡಿ' ಅಂತ ಕೇಳುವುದರಲ್ಲಿ ಅರ್ಥವಿಲ್ಲ.

ಹಗಲಿಗೆ: ಸಾದಾ ಬಲ್ಬ್, ಹ್ಯಾಲೋಜನ್, ಮರ್ಕ್ಯುರಿ, ಕೋಳಿ ಫಾರಂ ದೀಪ

ಹಗಲಲ್ಲಿ ಬಿಸಿಯೂ ಬೆಳಕೂ ಒಂದೇ ಕಡೆಯಿಂದ ಬರಬೇಕು, ಸೂರ್ಯನದ್ದೂ ಹಾಗೆಯೇ ಅಲ್ವಾ. ಇದಕ್ಕೆ ತಂತಿ ಕಾಯ್ದು ಉರಿಯುವ ಹಳೆಯ ಬಲ್ಬು ಅಥವಾ ಹ್ಯಾಲೋಜನ್ ಸಾಕು. ಎಲ್‌ಇಡಿ ಕೆಲಸಕ್ಕೆ ಬರುವುದಿಲ್ಲ, ಅದರ ಬೆಳಕಲ್ಲಿ ಮೈಕಾಯಿಸುವ ಬಿಸಿ ಇಲ್ಲ. ಇದನ್ನು ಹೇಳಬೇಕಾಗಿದೆ, ಯಾಕೆಂದರೆ ಈಗ 'ಅರವತ್ತರ ಬಲ್ಬ್' ಕೇಳಿದರೂ ಕೈಗೆ 9 ವ್ಯಾಟ್ ಎಲ್‌ಇಡಿ ಇಡುತ್ತಾರೆ.

ಸಾದಾ ಬಲ್ಬಿನ ಒಳ್ಳೆಯ ಗುಣ ಅಂದರೆ ಅದು ಅಗ್ಗ, ಡಿಮ್ಮರ್ ಹಾಕಿದರೆ ತಗ್ಗುತ್ತದೆ, ಕೆಟ್ಟರೆ ಸುಮ್ನೆ ಆರಿಹೋಗುತ್ತದೆ. ಬಿಸಿ ನಾಲ್ಕೂ ಕಡೆ ಚೆಲ್ಲುತ್ತದೆ ಎಂಬುದೊಂದೇ ದೋಷ, ಅದಕ್ಕೆ ಮೇಲೆ ಅಲ್ಯುಮಿನಿಯಂ ಬುಟ್ಟಿ ಇದ್ದರೆ ಆಯಿತು. ಹ್ಯಾಲೋಜನ್ ಸ್ಪಾಟ್ ಅಥವಾ ಫ್ಲಡ್ ಇದಕ್ಕಿಂತ ಒಂದು ಮೆಟ್ಟಿಲು ಮೇಲು. ಅದೇ ವ್ಯಾಟ್‌ಗೆ ಕಲ್ಲಿನ ಮೇಲೆ ಬೀಳುವ ಬಿಸಿ ಜಾಸ್ತಿ, ಮೈಯೊಳಗೆ ಇಳಿಯುವ ಇನ್‌ಫ್ರಾರೆಡ್ ಕೂಡ ಚೆನ್ನಾಗಿದೆ. ಆಯ್ಕೆ ಇದ್ದರೆ ಸ್ಪಾಟ್ ಬದಲು ಬೆಳಕು ಅಗಲವಾಗಿ ಹರಡುವ ಫ್ಲಡ್ ತಗೊಳ್ಳಿ. ಸ್ಪಾಟ್‌ನ ಬೆಳಕು ಚಿಕ್ಕ ವೃತ್ತ, ದೊಡ್ಡ ಡ್ರ್ಯಾಗನ್ ಕೂತರೆ ಬೆನ್ನಿನ ಒಂದು ತುಂಡು ಮಾತ್ರ ಕಾಯುತ್ತದೆ, ಉಳಿದ ಮೈ ತಣ್ಣಗೇ ಇರುತ್ತದೆ. ಮೈ ಬಿಸಿಯಾಗಿಲ್ಲ ಅಂತ ಅದು ಕದಲದೆ ಕೂತಿರುತ್ತದೆ, ಆ ತುಂಡು ಸುಡುತ್ತದೆ. ಬೆಳಕಿನ ವೃತ್ತ ಪ್ರಾಣಿಯ ಮೈ ಪೂರ್ತಿ ಮುಚ್ಚಬೇಕು. ದೊಡ್ಡ ಪ್ರಾಣಿಗೆ 100 ವ್ಯಾಟಿನ ಒಂದು ದೀಪಕ್ಕಿಂತ ಪಕ್ಕಪಕ್ಕ 50 ವ್ಯಾಟಿನ ಎರಡು ವಾಸಿ.

'ಬಾಸ್ಕಿಂಗ್ ಬಲ್ಬ್' ಅಂತ ಚಂದದ ಡಬ್ಬಿಯಲ್ಲಿ ಬರುವವುಗಳಲ್ಲಿ ಹಲವು ಇದೇ ತಂತಿ ಬಲ್ಬುಗಳು, ಒಳಗೆ ಕನ್ನಡಿ ಲೇಪ ಇರುತ್ತದೆ ಅಷ್ಟೆ. ತಗೊಂಡರೆ ತಪ್ಪಿಲ್ಲ, 220–240 ವೋಲ್ಟ್ ಅಂತ ಬರೆದಿದೆಯಾ ನೋಡಿ. 110 ವೋಲ್ಟಿನ ಬಲ್ಬು ನಮ್ಮ ಕರೆಂಟಿಗೆ ಹಾಕಿದ ಕೂಡಲೇ ಸಿಡಿಯಬಹುದು.

ಮರ್ಕ್ಯುರಿ ವೇಪರ್ ಬಲ್ಬು ಬಿಸಿ, ಬೆಳಕು, ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಮೂರೂ ಒಂದರಲ್ಲೇ ಕೊಡುತ್ತದೆ. ಕೇಳಲು ಭಾರಿ ಅನುಕೂಲ. ಆದರೆ ನಮ್ಮೂರಿಗೆ ಇದು ಹೊಂದುವುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದು, ಇದನ್ನು ಡಿಮ್ಮರ್‌ಗೂ ಥರ್ಮೋಸ್ಟಾಟ್‌ಗೂ ಹಾಕುವ ಹಾಗಿಲ್ಲ. ಮೇ ತಿಂಗಳಲ್ಲಿ ಬಿಸಿ ತಗ್ಗಿಸಲು ದಾರಿಯೇ ಇಲ್ಲ, ಆರಿಸಿದರೆ ಯುವಿಬಿಯೂ ಹೋಯಿತು. ಎರಡು, ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಅದು ಮತ್ತೆ ಹತ್ತಿಕೊಳ್ಳುವುದಿಲ್ಲ, ಪೂರ್ತಿ ಆರಿ ತಣ್ಣಗಾಗಬೇಕು, ಹತ್ತು–ಹದಿನೈದು ನಿಮಿಷ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಕಣ್ಣು ಮಿಟುಕಿಸುವ ಬಡಾವಣೆಯಲ್ಲಿ ಇದ್ದರೆ ಬಲ್ಬು ಬೇಗ ಸಾಯುತ್ತದೆ.

ಕೋಳಿಮರಿಗೆ ಹಾಕುವ 250 ವ್ಯಾಟಿನ ಕೆಂಪು ದೀಪವನ್ನೂ ಕೆಲವರು ತೋರಿಸುತ್ತಾರೆ. 'ಇದೇ ಹಾಕ್ರಿ, ಗಟ್ಟಿ ಮಾಲ್ ಅದ, ಏನೂ ಆಗಂಗಿಲ್ಲ' ಅಂತಾರೆ. ಆಗುತ್ತೆ. ಅದು ದೊಡ್ಡ ಶೆಡ್ಡಿನಲ್ಲಿ, ಎತ್ತರದಲ್ಲಿ ತೂಗುಹಾಕಲು ಮಾಡಿದ್ದು. ಮೂರು ಅಡಿ ಗೂಡಿನ ಮೇಲೆ ಇಟ್ಟರೆ ಪ್ರಾಣಿಯೂ ಸುಡುತ್ತದೆ, ಪ್ಲೈವುಡ್ಡೂ ಸುಡುತ್ತದೆ. ಮನೆಯಲ್ಲಿ ಲವ್ ಬರ್ಡ್ಸ್ ಇದ್ದರೆ ಇನ್ನೊಂದು ಮಾತು: 'ಒಡೆಯದ' ಹೀಟ್ ಬಲ್ಬುಗಳಲ್ಲಿ ಕೆಲವಕ್ಕೆ ಟೆಫ್ಲಾನ್ ಜಾತಿಯ ಲೇಪ ಇರುತ್ತದೆ, ಕಾಯ್ದಾಗ ಅದರ ಹೊಗೆ ಹಕ್ಕಿಗಳನ್ನು ಕೊಲ್ಲುತ್ತದೆ.

ಯುವಿಬಿಗೆ ಬೇರೆ ಟ್ಯೂಬ್ ಹಾಕಿ. ಬಿಸಿ ದೀಪವನ್ನು ಆರಿಸಿದ ದಿನವೂ ಅದು ಉರಿಯಬೇಕು. ಡ್ರ್ಯಾಗನ್, ಇಗ್ವಾನಾ, ಆಮೆಗಳಿಗೆ ಇದಿಲ್ಲದಿದ್ದರೆ ವಿಟಮಿನ್ ಡಿ3 ಸಾಲದೆ ಮೂಳೆ ಮೆತ್ತಗಾಗುತ್ತದೆ. ಗಾಜು ಯುವಿಬಿಯನ್ನು ತಡೆಯುತ್ತದೆ, ಹಾಗಾಗಿ ಟ್ಯೂಬಿಗೂ ಪ್ರಾಣಿಗೂ ನಡುವೆ ಗಾಜಿನ ಮುಚ್ಚಳ ಇರಬಾರದು. ಕಿಟಕಿ ಗಾಜಿನ ಹಿಂದಿನ ಬಿಸಿಲೂ ಲೆಕ್ಕಕ್ಕಿಲ್ಲ.

ರಾತ್ರಿಗೆ: ಬಹುಪಾಲು ಏನೂ ಬೇಡ

ಇಲ್ಲಿ ಜನ ಸುಮ್ನೆ ದುಡ್ಡು ಹಾಕುತ್ತಾರೆ. ಡ್ರ್ಯಾಗನ್ ಮತ್ತು ಲೆಪರ್ಡ್ ಗೆಕ್ಕೊಗೆ ರಾತ್ರಿ 18–20 ಡಿಗ್ರಿಗೆ ಇಳಿದರೂ ತೊಂದರೆ ಇಲ್ಲ. ಕಲಬುರಗಿ, ಯಾದಗಿರಿಯ ಸ್ಲ್ಯಾಬ್ ಮನೆಗಳಲ್ಲಿ ಕಿಟಕಿ ಮುಚ್ಚಿದ ಕೋಣೆ ಅದಕ್ಕಿಂತ ಕೆಳಗೆ ಇಳಿಯುವುದು ವರ್ಷದಲ್ಲಿ ಕೆಲವೇ ರಾತ್ರಿ. ಬೀದರ್ ಬೇರೆ ಮಾತು. ಅದು ಎತ್ತರದ ಬಯಲಿನ ಮೇಲಿದೆ, ಡಿಸೆಂಬರ್ ಕೊನೆಯಲ್ಲಿ ಬೆಳಗಿನ ಜಾವ ಹೊರಗೆ 10 ಡಿಗ್ರಿ ಸುತ್ತಮುತ್ತ ಬರುತ್ತದೆ, ಹಳೆಯ ಕೆಂಪು ಕಲ್ಲಿನ ಮನೆಗಳ ಎತ್ತರದ ಕೋಣೆಗಳು ಚೆನ್ನಾಗೇ ತಣ್ಣಗಾಗುತ್ತವೆ. ಅಲ್ಲಿ, ಮತ್ತು ಬಾಲ್ ಪೈಥಾನ್ ಸಾಕಿದವರಿಗೆ ಎಲ್ಲ ಕಡೆಯೂ, ರಾತ್ರಿಗೆ ಏನಾದರೂ ಬೇಕು.

ಏನು? ಕೆಂಪು, ನೀಲಿ 'ನೈಟ್ ಬಲ್ಬ್' ಬೇಡ. ಪ್ರಾಣಿಗೆ ಕಾಣಿಸುವುದಿಲ್ಲ ಅಂತ ಮಾರುತ್ತಾರೆ, ಕಾಣಿಸುತ್ತದೆ, ನಿದ್ದೆ ಕೆಡುತ್ತದೆ. ಬೆಳಕಿಲ್ಲದ ಸೆರಾಮಿಕ್ ಹೀಟರ್ ಸರಿ. ಬಲ್ಬಿನಂತೆ ತಿರುಪಿ ಹಾಕುವ ಪಿಂಗಾಣಿ ಗುಂಡು ಅದು, ವರ್ಷಗಟ್ಟಲೆ ಬಾಳುತ್ತದೆ, ಕರೆಂಟ್ ಹೋಗಿ ಬಂದರೂ ಏನೂ ಅನ್ನುವುದಿಲ್ಲ. ಆದರೆ ಎಚ್ಚರ ಬೇಕಾದ್ದೂ ಇದಕ್ಕೇ ಜಾಸ್ತಿ: ಉರಿಯುತ್ತಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ಮೇಲ್ಮೈ 200 ಡಿಗ್ರಿ ದಾಟುತ್ತದೆ, ಆರಿಸಿ ಅರ್ಧ ಗಂಟೆಯಾದರೂ ಕೈ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ಸುತ್ತ ಜಾಲರಿ ಇಲ್ಲದೆ ಹಾಕಲೇಬಾರದು. ಡೀಪ್ ಹೀಟ್ ಪ್ರೊಜೆಕ್ಟರ್ ಅಂತ ಬರುವುದು ಇದಕ್ಕಿಂತ ಒಳ್ಳೆಯ ಬಿಸಿ ಕೊಡುತ್ತದೆ, ಬೆಳಕೂ ಇಲ್ಲ, ಆದರೆ ದುಬಾರಿ. ಅದಕ್ಕೆ ಡಿಮ್ ಮಾಡುವ ಜಾತಿಯ ಥರ್ಮೋಸ್ಟಾಟ್ ವಾಸಿ. ನಮ್ಮ ಎರಡು ತಿಂಗಳ ಚಳಿಗೆ ಅಷ್ಟು ಖರ್ಚು ನನಗೆ ಹೆಚ್ಚೆನಿಸುತ್ತದೆ.

ಗೂಡಿನ ಅಡಿ ಹಾಸುವ ಬಿಸಿ ಹಾಳೆ, ಹೀಟ್ ಮ್ಯಾಟ್, ಗೆಕ್ಕೊ, ಹಾವುಗಳಿಗೆ ನಡೆಯುತ್ತದೆ, ಥರ್ಮೋಸ್ಟಾಟ್ ಇದ್ದರೆ ಮಾತ್ರ. ಇಲ್ಲದಿದ್ದರೆ ಹೆಂಚಿನ ಮೇಲಿಟ್ಟ ರೊಟ್ಟಿಯ ಹಾಗೆ ಹೊಟ್ಟೆ ಕಡೆಯಿಂದ ಬೇಯುತ್ತದೆ, ಮೇಲಿನಿಂದ ನೋಡುವ ನಿಮಗೆ ಗೊತ್ತೇ ಆಗುವುದಿಲ್ಲ. ಪ್ಲಗ್ ಹಾಕಿದರೆ ಕಾಯುವ ನಕಲಿ ಕಲ್ಲುಗಳು, ಹಾಟ್ ರಾಕ್ ಅನ್ನುತ್ತಾರೆ, ಅವಂತೂ ಯಾರಿಗೂ ಬೇಡ.

ಕರೆಂಟ್ ಬಿಲ್ಲಿನ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. 60 ವ್ಯಾಟ್ ದೀಪ ದಿನಕ್ಕೆ 10 ಗಂಟೆ ಅಂದರೆ ತಿಂಗಳಿಗೆ 18 ಯೂನಿಟ್. 75 ವ್ಯಾಟಿನ ಸೆರಾಮಿಕ್ ಹಗಲೂ ರಾತ್ರಿ ಎಡೆಬಿಡದೆ ಓಡಿದರೆ 54 ಯೂನಿಟ್. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಅಂಚಿನಲ್ಲೇ ಇದ್ದೀರಿ ಅಂದರೆ ಈ ವ್ಯತ್ಯಾಸ ಬಿಲ್ಲಿನಲ್ಲಿ ಕಾಣಿಸುತ್ತದೆ. 200 ಯೂನಿಟ್ ದಾಟಿದರಂತೂ ಪೂರ್ತಿ ಬಿಲ್ ನಿಮ್ಮದೇ.

ಹೋಲ್ಡರ್: ನಿಜವಾದ ಅಪಾಯ ಇಲ್ಲಿದೆ

ನಮ್ಮ ಮನೆಗಳಲ್ಲಿ ಇರುವುದು ಎರಡು ಕಡ್ಡಿಯ ಪಿನ್ ಹೋಲ್ಡರ್, ಬಿ22. ಹೀಟ್ ಲ್ಯಾಂಪ್, ಸೆರಾಮಿಕ್ ಹೀಟರ್ ಬರುವುದು ತಿರುಪಿನ ಇ27ರಲ್ಲಿ. ಆಗ ಎಲ್ಲರೂ ಮಾಡುವುದು ಒಂದೇ: ಹತ್ತಿಪ್ಪತ್ತು ರೂಪಾಯಿಯ ಬಿಳಿ ಪ್ಲಾಸ್ಟಿಕ್ ಕನ್ವರ್ಟರ್ ಸಿಕ್ಕಿಸುವುದು. ಅದು ಎಲ್‌ಇಡಿಗೆ ಸರಿ. ಹೀಟ್ ಲ್ಯಾಂಪಿಗೆ ಹಾಕಿದರೆ ಕೆಲವು ವಾರದಲ್ಲಿ ಹಳದಿ, ಆಮೇಲೆ ಕಂದು, ಆಮೇಲೆ ಬಿರುಕು. ಕೊನೆಗೆ ಒಳಗಿನ ತಗಡು ಸಡಿಲವಾಗಿ ಕಿಡಿ ಹಾರುತ್ತದೆ, ಇಲ್ಲವೇ ಕಾಯ್ದ ಬಲ್ಬು ಸೀದಾ ಗೂಡಿನೊಳಗೆ ಬೀಳುತ್ತದೆ.

ಬೇಕಾದ್ದು ಪಿಂಗಾಣಿ ಇ27 ಹೋಲ್ಡರ್. ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ 'ಸೆರಾಮಿಕ್ ಸ್ಕ್ರೂ ಹೋಲ್ಡರ್' ಅಂತ ಕೇಳಿದರೆ ಸಿಗುತ್ತದೆ, ಅಂಥ ದುಬಾರಿಯೂ ಅಲ್ಲ. ಹೊರಗೆ ಪಿಂಗಾಣಿ ಇದ್ದು ಒಳಗೆ ಪ್ಲಾಸ್ಟಿಕ್ ಇರುವ ಮಾಲೂ ಇದೆ, ಕತ್ತಿನೊಳಗೆ ಬೆರಳು ಹಾಕಿ ನೋಡಿ. ಹೋಲ್ಡರಿನಿಂದ ಮೊದಲ ಒಂದು ಗೇಣು ವೈರಿಗೆ ಫೈಬರ್‌ಗ್ಲಾಸ್ ಅಥವಾ ಸಿಲಿಕೋನ್ ತೋಳು (ಸ್ಲೀವ್) ಹಾಕಿಸಿ, ಯಾಕೆಂದರೆ ಸಾದಾ ಪಿವಿಸಿ ಆ ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ವೈರ್ ಮೇಲೆ ಐಎಸ್‌ಐ ಗುರುತು ಇರಲಿ. ಎಲೆಕ್ಟ್ರಿಷಿಯನ್‌ಗೆ ಇನ್ನೊಂದು ಮಾತು ಮರೆಯದೆ ಹೇಳಿ: ಫೇಸ್ ವೈರ್ ಹೋಲ್ಡರಿನ ತಳದ ನಡುಬಿಂದುವಿಗೆ ಬರಬೇಕು, ತಿರುಪಿನ ಲೋಹದ ಸುತ್ತಿಗೆ ನ್ಯೂಟ್ರಲ್. ತಿರುಗುಮುರುಗಾದರೂ ಬಲ್ಬು ಉರಿಯುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಬಲ್ಬು ಬದಲಿಸುವಾಗ ಆ ತಿರುಪಿಗೆ ಬೆರಳು ತಾಗಿದರೆ ಗೊತ್ತಾಗುತ್ತದೆ. ಅದಕ್ಕೇ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕಿತ್ತು ಬಲ್ಬಿಗೆ ಕೈ ಹಾಕಿ.

ಅಲ್ಯುಮಿನಿಯಂ ಬುಟ್ಟಿ ಲೋಹ, ಅದಕ್ಕೆ ಅರ್ಥಿಂಗ್ ಬೇಕು, ಅಂದರೆ ಮೂರು ಪಿನ್ ಪ್ಲಗ್ಗು ಮತ್ತು ನಿಜವಾಗಿ ಕೆಲಸ ಮಾಡುವ ಅರ್ಥಿಂಗ್. ಹಳೆಯ ಮನೆಗಳಲ್ಲಿ ಮೂರನೇ ತೂತು ಬರೀ ತೂತೇ ಆಗಿರುತ್ತದೆ, ಟೆಸ್ಟ್ ಮಾಡಿಸಿ. ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಾನೇ ಕಟ್ ಆಗುವ 30 ಮಿಲಿಆಂಪ್ ಆರ್‌ಸಿಸಿಬಿ ಇದ್ದರೆ ಇನ್ನೂ ನೆಮ್ಮದಿ, ಆಮೆ ತೊಟ್ಟಿ ಇರುವವರಿಗಂತೂ ಅದು ಬೇಕೇ ಬೇಕು. ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್, ಎಂಸಿಬಿ, ಇದೆಯಲ್ಲ ಅಂತ ಸುಮ್ಮನಿರಬೇಡಿ. 100 ವ್ಯಾಟ್ ದೀಪ ಎಳೆಯುವುದು ಅರ್ಧ ಆಂಪಿಗೂ ಕಡಿಮೆ. ಅದು ಪರದೆ ಮೇಲೆ ಬಿದ್ದು ಪರದೆ ಹೊತ್ತಿಕೊಂಡರೂ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸಿನದ್ದೂ ಇದೇ ಕಥೆ: ಲೋಡ್ ಜಾಸ್ತಿಯಾಗಿ ಅಲ್ಲ, ಸಡಿಲ ಪಿನ್ನಿನಿಂದ ಅದು ಕರಗುತ್ತದೆ. ಬ್ಯಾಟರಿಯಲ್ಲಿ ಓಡುವ ಚಿಕ್ಕ ಸ್ಮೋಕ್ ಅಲಾರಂ ಒಂದನ್ನು ಆ ಕೋಣೆಯ ಮೇಲ್ಚಾವಣಿಗೆ ಅಂಟಿಸಿ.

ದೀಪ ನಿಲ್ಲಿಸುವ ಬಗೆಯಲ್ಲೂ ಆಯ್ಕೆ ಇದೆ. ಬಟ್ಟೆ ಕ್ಲಿಪ್ಪಿನಂಥ ಕ್ಲ್ಯಾಂಪ್ ಲೈಟ್ ಸುಲಭ, ಆದರೆ ಸ್ಪ್ರಿಂಗ್ ಸಡಿಲವಾಗುತ್ತದೆ, ಬೆಕ್ಕು ಹಾರಿದರೂ ಬೀಳುತ್ತದೆ. ಚಾವಣಿಗೆ ಅಥವಾ ಗಟ್ಟಿ ಸ್ಟ್ಯಾಂಡಿಗೆ ಕೊಕ್ಕೆ ಹಾಕಿ ಸರಪಳಿಯಲ್ಲಿ ತೂಗುಹಾಕುವುದು ಮೇಲು, ಜೊತೆಗೆ ಬೇರೊಂದು ಕಡೆಯಿಂದ ತಂತಿ ಕಟ್ಟಿರಬೇಕು, ಒಂದು ಬಿಟ್ಟರೂ ಇನ್ನೊಂದು ಹಿಡಿಯುವ ಹಾಗೆ. ಕೇಬಲ್ಲಿನ ಮೇಲೆ ಭಾರ ಬೀಳಬಾರದು. ಗಾಜಿನ ತೊಟ್ಟಿಗೆ ಮೇಲೆ ಕಬ್ಬಿಣದ ಜಾಲರಿ ಇದ್ದರೆ ದೀಪ ಅದರ ಹೊರಗೆ ಇರಲಿ. ಗೂಡಿನೊಳಗೇ ಹಾಕಬೇಕಾದರೆ, ಹಾವು ಸಾಕಿದವರ ಮರದ ಪೆಟ್ಟಿಗೆಗಳಲ್ಲಿ ಹಾಗೇ ಆಗುತ್ತದೆ, ಬಲ್ಬಿನ ಸುತ್ತ ಜಾಲರಿ ಪಂಜರ ಬೇಕು. ಹಾವು ಬಿಸಿ ಬಲ್ಬಿಗೆ ಸುತ್ತಿಕೊಂಡರೆ ಸುಡುತ್ತಿದ್ದರೂ ಬಿಡುವುದಿಲ್ಲ. ಪಂಜರವೂ ಬಲ್ಬಿನಿಂದ ದೂರ ಇರಬೇಕು, ಇಲ್ಲದಿದ್ದರೆ ಪಂಜರವೇ ಸುಡುತ್ತದೆ. ಪ್ಲೈವುಡ್ ಪೆಟ್ಟಿಗೆಯ ಮೇಲ್ಭಾಗಕ್ಕೆ, ದೀಪ ಇರುವ ಕಡೆ, ಸಿಮೆಂಟ್ ಬೋರ್ಡಿನ ತುಂಡು ಹಾಕಿಸಿ. ಪ್ಲೈ ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ ಅದು ಆಗಲೇ ಬೇಯಲು ಶುರುವಾಗಿದೆ.

ಥರ್ಮೋಸ್ಟಾಟ್ ಮತ್ತು ಟೈಮರ್

ಮೂರು ಬಗೆ ಸಿಗುತ್ತವೆ. ಆನ್–ಆಫ್ ಜಾತಿಯದ್ದು ಅಗ್ಗ, ಎಸ್‌ಟಿಸಿ-1000 ಅಂತ ಆನ್‌ಲೈನಿನಲ್ಲಿ ಸಿಗುವುದು ಇದೇ, ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗಳಿಗೆ ಹಾಕುತ್ತಾರಲ್ಲ ಅದು. ಹೀಟ್ ಮ್ಯಾಟ್‌ಗೆ, ಸೆರಾಮಿಕ್‌ಗೆ ಚೆನ್ನಾಗಿ ಹೊಂದುತ್ತದೆ. ಹಿಂಬದಿಯಲ್ಲಿ ತಿರುಪುಗಳು ಬಯಲಾಗಿರುತ್ತವೆ, ಎಲೆಕ್ಟ್ರಿಷಿಯನ್ ಕೈಯಲ್ಲಿ ಡಬ್ಬಿಯೊಳಗೆ ಕೂರಿಸಿ. ಪಲ್ಸ್ ಜಾತಿಯದ್ದು, ಅಂದರೆ ಕರೆಂಟನ್ನು ತುಣುಕು ತುಣುಕಾಗಿ ಬಿಡುವುದು, ಸೆರಾಮಿಕ್‌ಗೆ ಇನ್ನೂ ನಯ, ಬಲ್ಬಿಗೆ ಹಾಕಿದರೆ ಮಿಣಮಿಣ ಅನ್ನುತ್ತದೆ. ಡಿಮ್ ಮಾಡುವುದು ಹ್ಯಾಲೋಜನ್‌ಗೆ ಸರಿಯಾದದ್ದು, ಬೆಲೆ ಜಾಸ್ತಿ, ಹೊರಗಿನಿಂದಲೇ ತರಿಸಬೇಕು.

ಕಡಿಮೆ ಖರ್ಚಿನ ದಾರಿ ಒಂದಿದೆ, ನಮ್ಮ ಹವೆಗೆ ಅದೇ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ದೀಪಕ್ಕೆ ಕೈಯಲ್ಲಿ ತಿರುಗಿಸುವ ಡಿಮ್ಮರ್ ಹಾಕಿ. ಬಲ್ಬಿಗೆಂದೇ ಮಾಡಿದ ಡಿಮ್ಮರ್, ಫ್ಯಾನ್ ರೆಗ್ಯುಲೇಟರ್ ಅಲ್ಲ. ಅದರ ಹಿಂದೆ ಆನ್–ಆಫ್ ಥರ್ಮೋಸ್ಟಾಟ್ ಕೂರಿಸಿ, ಆದರೆ ಅದರ ಪ್ರೋಬನ್ನು (ವೈರಿನ ತುದಿಯಲ್ಲಿ ಬಿಸಿ ಅಳೆಯುವ ಮೊನೆ) ದೀಪದ ಕೆಳಗೆ ಇಡಬೇಡಿ, ತಂಪು ಬದಿಯಲ್ಲಿ ಇಡಿ. ಅಲ್ಲಿ 32–33 ಡಿಗ್ರಿ ದಾಟಿದರೆ ದೀಪ ಕಟ್ ಆಗುವಂತೆ ಹೊಂದಿಸಿ. ಪ್ರೋಬ್ ದೀಪದ ಕೆಳಗಿದ್ದರೆ ದೀಪ ಹತ್ತು ನಿಮಿಷಕ್ಕೊಮ್ಮೆ ಹತ್ತುತ್ತಾ ಆರುತ್ತಾ ಇರುತ್ತದೆ, ತಂಪು ಬದಿ ಎಷ್ಟು ಕಾದಿದೆ ಅಂತ ಅದಕ್ಕೆ ತಿಳಿಯುವುದೇ ಇಲ್ಲ. ಪ್ರಾಣಿ ಸಾಯುವುದು ಬಿಸಿ ಜಾಗ ಬಿಸಿಯಾಗಿದ್ದಕ್ಕಲ್ಲ, ಓಡಿಹೋಗಲು ತಂಪು ಜಾಗ ಉಳಿಯದಿದ್ದಕ್ಕೆ. ತಂಪು ಬದಿಯ ಪ್ರೋಬ್ ಮೇ ತಿಂಗಳಲ್ಲಿ ನೀವು ಮನೆಯಲ್ಲಿ ಇಲ್ಲದಾಗಲೂ ದೀಪ ಆರಿಸುತ್ತದೆ. ಸೆರಾಮಿಕ್‌ಗೂ ಮ್ಯಾಟ್‌ಗೂ ಮಾತ್ರ ಪ್ರೋಬ್ ಬಿಸಿ ಬದಿಯಲ್ಲೇ ಇರಬೇಕು.

ಪ್ರೋಬನ್ನು ಕೇಬಲ್ ಟೈ ಹಾಕಿ ಬಿಗಿಯಿರಿ. ಅದು ಕಿತ್ತು ಗೂಡಿನ ಹೊರಗೆ ಬಿತ್ತೆಂದರೆ ಥರ್ಮೋಸ್ಟಾಟಿಗೆ ಹೊರಗಿನ ತಂಪೇ ಕಾಣುತ್ತದೆ, ಒಳಗೆ ಹೀಟರ್ ಉರಿಯುತ್ತಲೇ ಇರುತ್ತದೆ. ಅಗ್ಗದ ಥರ್ಮೋಸ್ಟಾಟಿನ ಒಳಗಿನ ಸ್ವಿಚ್, ರಿಲೇ ಅನ್ನುತ್ತಾರೆ, ಅದು ಕೂಡ ಕೆಲವೊಮ್ಮೆ ಅಂಟಿಕೊಂಡು ಆನ್ ಸ್ಥಿತಿಯಲ್ಲೇ ನಿಲ್ಲುತ್ತದೆ. ಅದಕ್ಕೇ ಹೀಟರಿನ ವ್ಯಾಟನ್ನೇ ಕಡಿಮೆ ಇಡುವುದು ಜಾಣತನ. ಪೂರ್ತಿ ದಿನ ಆನ್ ಇದ್ದರೂ ಕೊಲ್ಲದಷ್ಟು.

ಟೈಮರಿಗೆ ಒಂದೇ ಮಾತು. ಹಲ್ಲು ಹಲ್ಲಿನ ಚಕ್ರ ಇರುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ವಾರದಲ್ಲಿ ಆರು ಗಂಟೆ ಕರೆಂಟ್ ಹೋಗಿದ್ದರೆ ನಿಮ್ಮ ಹಲ್ಲಿಗೆ ಬೆಳಗಾಗುವುದು ಮಧ್ಯಾಹ್ನಕ್ಕೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ಇನ್ವರ್ಟರಿಗೆ ಹೀಟ್ ಲ್ಯಾಂಪ್ ಸೇರಿಸುವುದು ನಮ್ಮಲ್ಲಿ ಬೇಡ. ನಾಲ್ಕು ತಾಸು ಬಿಸಿ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ದೂರ, ಕಲ್ಲು, ಅಳತೆ

ಶುರುವಿಗೆ ಅಂದಾಜು ಹೇಳುವುದಾದರೆ, ಎರಡಡಿ ಗೂಡಿಗೆ 40 ವ್ಯಾಟ್, ಮೂರು–ನಾಲ್ಕು ಅಡಿಗೆ 60ರಿಂದ 75, ದೀಪದಿಂದ ಕಲ್ಲಿಗೆ 30 ಸೆಂ.ಮೀ. ಅಲ್ಲಿಂದ ಸರಪಳಿ ಏರಿಸುತ್ತಾ ಇಳಿಸುತ್ತಾ ಹೊಂದಿಸಬೇಕು. ದೀಪ ಗೂಡಿನ ಒಂದು ತುದಿಯಲ್ಲಿರಲಿ, ನಡುವೆ ಬೇಡ.

ಮೈಕಾಯಿಸುವ ಜಾಗಕ್ಕೆ ಅಂಗಡಿಯ ರಾಳದ ಬಂಡೆ ಯಾಕೆ? ನಮ್ಮಲ್ಲಿ ಶಹಾಬಾದ್ ಕಲ್ಲಿದೆ. ಮನೆ ಕಟ್ಟುವ ಕಡೆ ಕೇಳಿದರೆ ಒಡೆದ ತುಂಡು ಪುಕ್ಕಟೆ ಕೊಡುತ್ತಾರೆ. ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ತೊಳೆಯಬಹುದು, ಉಗುರೂ ಸವೆಯುತ್ತದೆ. ಒರಟು ಮುಖ ಮೇಲಿರಲಿ, ಪಾಲಿಶ್ ಮುಖದ ಮೇಲೆ ಹಲ್ಲಿ ಜಾರುತ್ತದೆ. ಅಂಚು ಉಜ್ಜಿ ಮೊಂಡು ಮಾಡಿ. ಕಲ್ಲು ಗೂಡಿನ ತಳಕ್ಕೇ ಕೂತಿರಬೇಕು, ಮಣ್ಣಿನ ಮೇಲಿಟ್ಟರೆ ಕೆಳಗೆ ಅಗೆದ ಪ್ರಾಣಿ ಅದರಡಿ ಸಿಕ್ಕಿಕೊಳ್ಳುತ್ತದೆ. ದಪ್ಪ ಕಲ್ಲು ಕಾಯಲು ಹೊತ್ತು ಬೇಕು, ದೀಪ ಹಚ್ಚಿ ಎರಡು ಗಂಟೆ ಬಿಟ್ಟು ಅಳೆಯಿರಿ.

ಅಳೆಯಲು ಇನ್‌ಫ್ರಾರೆಡ್ ಗನ್ ಒಂದು, ಗಾಳಿಗೆ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಎರಡು. ಗಾಜಿಗೆ ಅಂಟಿಸುವ ಗಡಿಯಾರದಂಥವು ನಂಬಿಕೆಗೆ ಬರುವುದಿಲ್ಲ. ಕೊರೋನಾ ಕಾಲದಲ್ಲಿ ತಂದ ಹಣೆಯ ಗನ್ ಮನೆಯಲ್ಲಿದ್ದರೆ ಅದೂ ಬೇಡ, ಅದು ಮನುಷ್ಯರ ಜ್ವರಕ್ಕೆ ಹೊಂದಿಸಿದ್ದು. ಕಾರ್ಖಾನೆ ಕೆಲಸದ ಗನ್ ತಗೊಳ್ಳಿ, ಕಲ್ಲಿಗೆ ಹತ್ತಿರ ಹಿಡಿಯಿರಿ, ಹೊಳೆಯುವ ಲೋಹಕ್ಕೆ ಹಿಡಿಯಬೇಡಿ, ಸುಳ್ಳು ಅಂಕಿ ತೋರಿಸುತ್ತದೆ. ಇನ್ನೊಂದು ಸಣ್ಣ ವಿಷಯ: ಕಲ್ಲು 40 ಇದ್ದರೆ ಡ್ರ್ಯಾಗನಿನ ಬೆನ್ನು ಇನ್ನೂ ಜಾಸ್ತಿ ಕಾಯುತ್ತದೆ, ಅದು ದೀಪಕ್ಕೆ ನಾಲ್ಕೈದು ಸೆಂ.ಮೀ. ಹತ್ತಿರ ಇರುತ್ತದಲ್ಲ. ಅಷ್ಟೇ ಎತ್ತರದ ಮರದ ತುಂಡು ಇಟ್ಟು ಅದರ ಮೇಲೂ ಅಳೆಯಿರಿ. ಪ್ರಾಣಿಯನ್ನು ಬಿಡುವ ಮೊದಲು ಎರಡು ದಿನ ಖಾಲಿ ಗೂಡು ಓಡಿಸಿ ಬೆಳಗ್ಗೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಅಳೆದು ಬರೆದಿಡಿ.

ಆಮೆ ತೊಟ್ಟಿಯಲ್ಲಿ ನೀರು ಚಿಮ್ಮುತ್ತದೆ. ಕಾಯ್ದ ಗಾಜಿಗೆ ಹನಿ ಬಿದ್ದರೆ ಬಲ್ಬು ಸಿಡಿಯುತ್ತದೆ. ಹಾಗಾಗಿ ದೀಪ ಬುಟ್ಟಿಯೊಳಗೆ ಆಳವಾಗಿ ಕೂತಿರಲಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರಬೇಕು, ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಮಾರ್ಚ್ ಬಂದ ಮೇಲೆ

ಹೋಳಿ ಹೊತ್ತಿಗೆ ಬಲ್ಬಿನ ವ್ಯಾಟ್ ಇಳಿಸಿ, 75 ಇದ್ದಲ್ಲಿ 40. ಸೆರಾಮಿಕ್ ಬಿಚ್ಚಿಡಿ. ಕೋಣೆಯೇ 35 ದಾಟಿದ ದಿನ ಬಿಸಿ ದೀಪ ಪೂರ್ತಿ ಆಫ್, ಯುವಿಬಿ ಮತ್ತು ಎಲ್‌ಇಡಿ ಬೆಳಕು ಮಾತ್ರ. ಡ್ರ್ಯಾಗನ್ ಕಾಡಿನಲ್ಲೂ ಮೈಯನ್ನು 35–36ರ ಸುತ್ತ ಇಟ್ಟುಕೊಳ್ಳಲು ನೋಡುತ್ತದೆ, ಕೋಣೆಯೇ ಅಷ್ಟಿದ್ದಾಗ ಅದಕ್ಕೆ ದೀಪದಿಂದ ಆಗಬೇಕಾದ್ದು ಏನೂ ಇಲ್ಲ. ಮೇಲಿನ ಮಹಡಿಯಲ್ಲಿದ್ದರೆ ಗೂಡನ್ನು ಕೆಳಗೆ ಇಳಿಸಿ, ಸ್ಲ್ಯಾಬು ರಾತ್ರಿಯೂ ಬಿಸಿ ಕಾರುತ್ತದೆ. ಕೂಲರ್ ಕೋಣೆಯನ್ನು ತಂಪು ಮಾಡಲಿ, ಗೂಡಿಗೆ ನೇರ ಗಾಳಿ ಬೇಡ. ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಇಡಲೇಬೇಡಿ, ಜನವರಿಯಲ್ಲೂ. ದೀಪದ ಕೆಳಗೆ ಕೂತು ಬಾಯಿ ತೆರೆದರೆ ಡ್ರ್ಯಾಗನಿಗೆ ಸಹಜ. ತಂಪು ಬದಿಯಲ್ಲಿ ಮೂಲೆಗೆ ಒತ್ತಿಕೊಂಡು ಬಾಯಿ ತೆರೆದಿದ್ದರೆ ಗೂಡು ಮಿತಿ ಮೀರಿ ಕಾದಿದೆ, ಕೂಡಲೇ ಎಲ್ಲ ದೀಪ ಆರಿಸಿ ಪ್ರಾಣಿಯನ್ನು ತಂಪು ಕೋಣೆಗೆ ಒಯ್ಯಿರಿ.

ಸುಟ್ಟರೆ

ಸುಟ್ಟ ಗಾಯ ಮೊದಲ ದಿನ ಅಷ್ಟಾಗಿ ಕಾಣುವುದಿಲ್ಲ. ಹುರುಪೆ ಬಣ್ಣ ಬದಲಾಗಿ ಕಂದಾಗುವುದು, ಗುಳ್ಳೆ, ಹೊಟ್ಟೆಯ ಅಡಿ ಕೆಂಪು ಇವು ಕಂಡರೆ ತಡ ಮಾಡಬೇಡಿ. ಸಾಧಾರಣ ತಣ್ಣೀರು ಕೆಲವು ನಿಮಿಷ ಹರಿಸಿ. ಐಸ್ ಬೇಡ, ತುಪ್ಪ, ಅರಿಶಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಮಣ್ಣು, ತೆಂಗಿನ ನಾರು ತೆಗೆದು ಸ್ವಚ್ಛ ಬಟ್ಟೆಯ ಮೇಲೆ ಇಟ್ಟು ಪಶುವೈದ್ಯರ ಹತ್ತಿರ ಹೋಗಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಅದರ ಕಾಲೇಜಿನಲ್ಲಿ ವಿಚಾರಿಸಬಹುದು. ಹೊರಡುವ ಮೊದಲು ಫೋನ್ ಮಾಡಿ ಹಲ್ಲಿ, ಹಾವು ನೋಡುವವರು ಅವತ್ತು ಇದ್ದಾರಾ ಕೇಳಿ. ಹೋಗುವಾಗ ದೀಪದ ವ್ಯಾಟ್, ದೀಪದಿಂದ ಕಲ್ಲಿಗಿರುವ ದೂರ, ಗನ್ ತೋರಿಸಿದ ಡಿಗ್ರಿ ಬರೆದುಕೊಳ್ಳಿ, ಗೂಡಿನ ಒಂದು ಫೋಟೋ ಕೂಡ ಮೊಬೈಲಿನಲ್ಲಿ ಇರಲಿ.